ಗ್ಯಾದರಿಂಗಿಗೆ ಕತ್ತೆಕಿರುಬನ ಮುಖವಾಡ: ಫೋಮ್ ಶೀಟಿನಾಗ ಮಾಡೂದು ಹೆಂಗ್ರಿ?

ಮುಂಡರಗಿ ಬಾಯಾರು:
ಎಲ್ಲಾರಿಗೂ ನಮಸ್ಕಾರ್ರಿ. ಮುಂಡರಗಿ ತಾಲೂಕಿನ ಒಂದು ಹಳ್ಳಿ ಸಾಲಿಯೊಳಗ ನಾನು ಬಾಯಾರು. ಜನವರಿ ಗ್ಯಾದರಿಂಗಿಗೆ (ಸಾಲಿ ವಾರ್ಷಿಕೋತ್ಸವಕ್ಕ) ಐದನೇತ್ತೆ, ಆರನೇತ್ತೆ ಹುಡುಗರ ಕಡೆಯಿಂದ ಕಪ್ಪತಗುಡ್ಡದ ಪ್ರಾಣಿಗಳ ಮ್ಯಾಲ ಒಂದು ಸಣ್ಣ ನಾಟಕ ಆಡಸಬೇಕಂತ ಐತಿ. ಪಾತ್ರ ನಾಕು: ಕತ್ತೆಕಿರುಬ, ತ್ವಾಳ, ಚಿರತಿ, ಚಿಗರಿ (ಕೃಷ್ಣಮೃಗ). ಕತ್ತೆಕಿರುಬಂದ ಮುಖ್ಯ ಪಾರ್ಟು, ಮಾತೂ ಅದಕ್ಕ ಜಾಸ್ತಿ.

ಪ್ಯಾಟಿಯೊಳಗ ಸಿಗೂ ಪ್ಲಾಸ್ಟಿಕ್ ಮುಖವಾಡ ಬ್ಯಾಡ. ಹುಲಿ, ಸಿಂಹ, ಮಂಗ್ಯಾ ಬಿಟ್ರ ಬ್ಯಾರೆ ಪ್ರಾಣಿ ಇರೂದಿಲ್ಲ, ಅಂಚು ಗಲ್ಲಕ್ಕ ಕೊರೀತೈತಿ, ಹುಡುಗರು ಒಳಗ ಬೆವತು ಸೀನ್ ಮುಗಿಯೂದ್ರಾಗ ಕಿತ್ತು ಒಗೀತಾವ. ಗದಗಿನ ಸ್ಟೇಷನರಿ ಅಂಗಡಿಯೊಳಗ ಬಣ್ಣಬಣ್ಣದ ಫೋಮ್ ಶೀಟ್ ನೋಡೀನಿ, ಎ4 ಅಳತಿದು, 2 ಮಿ.ಮೀ. ದಪ್ಪ. ಅದರಾಗ ತಲಿ ಪೂರ್ತಿ ಮುಚ್ಚೂವಂಥಾದ್ದು ಆಗತೈತೇನ್ರಿ? ಗ್ಲೂ ಗನ್ ಐತಿ, ಕಟರ್ ಐತಿ. ಬಿಸಿ ಗಾಳಿ ಊದೂ ಹೀಟ್ ಗನ್ ಇಲ್ಲ. ರೊಕ್ಕ ನಮ್ಮ ಸಿಬ್ಬಂದಿ ಕಿಸೆದಿಂದನ ಹೋಗೂದು, ಅದನ್ನ ತಲಿಯೊಳಗ ಇಟ್ಟು ಹೇಳ್ರಿ.

ಹುಬ್ಬಳ್ಳಿ ಬೋರ್ಡಿನವ:
ಬಾಯಾರ, ಆರಾಮ ಆಗತೈತ್ರಿ. ನಂದು ಬೋರ್ಡ್ ಮಾಡೂ ಅಂಗಡಿ. ಗಣಪತಿ ಮುಂದಿನ ಸೀನರಿ, ಫ್ಯಾನ್ಸಿ ಡ್ರೆಸ್ಸಿನ ತಲಿ ಇಂಥಾವೂ ಮಾಡ್ತಿರತೀನಿ.

ನೀವು ನೋಡಿದ್ದು ಇವಿಎ ಫೋಮ್. ಕೈಗೆ ರಬ್ಬರ್ ಅನಸಿದ್ರೂ ಅದು ಪ್ಲಾಸ್ಟಿಕ್ ಜಾತಿ. ಹಗುರ ಚಪ್ಪಲಿ ಅಟ್ಟಿ ಇದರದ. 2 ಮಿ.ಮೀ. ಶೀಟು ಕಿವಿ ಒಳಮೈ, ಕಣ್ಣಿನ ರೆಪ್ಪಿ, ಹಣಿ ಮ್ಯಾಲಿನ ನಿರಿಗಿ ಇವಕ್ಕ ಚೊಲೋ. ತಲಿ ಚೌಕಟ್ಟಿಗೆ ಸಾಲೂದಿಲ್ಲ, ಮಾರಿ ಮ್ಯಾಲ ಜೋತು ಬೀಳತೈತಿ. ಅದಕ್ಕ 5 ಅಥವಾ 6 ಮಿ.ಮೀ. ತರ್ರಿ. ಸಣ್ಣ ಹುಡುಗರು ಆಡಾಕ ಕೆಳಗ ಹಾಸೂ ಜೋಡಿಸೂ ಮ್ಯಾಟ್ ಬರತಾವಲ್ಲ, ಅವೂ ಇವಿಎನ, ಖರೆ ಬಹಳಷ್ಟು 10 ಮಿ.ಮೀ. ಇಲ್ಲಾ ಅದಕ್ಕಿಂತ ದಪ್ಪ. ದೊಡ್ಡವರ ತಲಿಗೆ ನಡೀತೈತಿ, ಹತ್ತು ವರ್ಷದ ಹುಡುಗನ ಕುತಿಗಿಗೆ ಒಜ್ಜಿ. ಟಿವಿ ಪ್ಯಾಕಿಂಗಿನಾಗ ಬರೂ ಬಿಳಿ ಫೋಮ್ ಪುಕ್ಕಟ ಸಿಗತೈತಂತ ತಗೋಬ್ಯಾಡ್ರಿ, ಅದಕ್ಕ ಅಂಟೂ ಸರಿಯಾಗಿ ಹಿಡಿಯೂದಿಲ್ಲ, ಬಣ್ಣಾನೂ ನಿಲ್ಲೂದಿಲ್ಲ.

ಈಗ ಅಳತಿ. ಹುಡುಗನ ಹುಬ್ಬಿನ ಮ್ಯಾಲಿಂದ ತಲಿ ಸುತ್ತ ಟೇಪ್ ಹಿಡೀರಿ. ಆ ವಯಸ್ಸಿಗೆ 52-53 ಸೆಂ.ಮೀ. ಆಸುಪಾಸು ಬರತೈತಿ. ಅದಕ್ಕ ಎರಡು ಸೆಂ.ಮೀ. ಸಡ್ಲ ಕೂಡಸಿ, ಅಷ್ಟ ಸುತ್ತಳತಿ ಇರೂ ಒಂದು ಸಣ್ಣ ಬಿಂದಗಿ ಹುಡುಕಿ ಬೋರಲು ಹಾಕ್ರಿ. ಅದರ ಮುಂದ ಹಳೇ ಪೇಪರ್ ಮುದ್ದಿ ಮಾಡಿ ಟೇಪ್ ಸುತ್ತಿ ಮೂತಿ ಕೂಡಸ್ರಿ. ಗಲ್ಲ ಉಬ್ಬಬೇಕಾದಲ್ಲಿ ಇನ್ನಷ್ಟು ಪೇಪರ್. ಪ್ರಾಣಿ ಮಾರಿ ಹುಟ್ಟೂದು ಈ ಹಂತದಾಗ. ಇಲ್ಲಿ ಸಪ್ಪಗ ಇದ್ರ ಮುಂದ ಎಷ್ಟು ಬಣ್ಣ ಬಳದ್ರೂ ನಾಯಿ ಮಾರಿನ ಆಗತೈತಿ. ಆಕಾರ ಮನಸಿಗೆ ಬಂದ ಮ್ಯಾಲ ಅಡಗಿ ಮನಿ ಪಾರದರ್ಶಕ ಹಾಳಿ ಸುತ್ತಿ, ಅದರ ಮ್ಯಾಲ ಮಾಸ್ಕಿಂಗ್ ಟೇಪ್ ಎರಡು ಪದರ. ನಡುಗೆರಿ ಹೊಡೀರಿ, ಒಂದ ಬಾಜೂಕ ತುಂಡುಗಳ ಗೆರಿ ಬರೀರಿ, ಗೆರಿ ಮ್ಯಾಲ ಅಡ್ಡ ಅಡ್ಡ ಸಣ್ಣ ಗುರುತು ಹಾಕ್ರಿ, ಪ್ರತಿ ತುಂಡಿಗೂ ನಂಬರ್. ಕತ್ತರಿಸಿ ಬಿಡಸಿದ್ರ ಅದ ನಿಮ್ಮ ಪ್ಯಾಟರ್ನ್. ರಟ್ಟಿಗೆ ಇಳಸ್ರಿ, ತಿರುವಿ ಹಾಕಿದ್ರ ಇನ್ನೊಂದು ಬಾಜೂ ಆತು. ಎರಡೂ ಬಾಜೂ ಬ್ಯಾರೆ ಬ್ಯಾರೆ ಬರದ್ರ ಮಾರಿ ಸೊಟ್ಟ ಬರತೈತಿ.

ಜೀವಂತ ಹುಡುಗನ ಮಾರಿಗೆ ಪ್ಲಾಸ್ಟಿಕ್ ಸುತ್ತಿ ಅಳತಿ ತಗೊಳೂ ವಿಡಿಯೋ ಅದಾವ. ಅದನ್ನ ಮಾತ್ರ ಮಾಡಬ್ಯಾಡ್ರಿ.

ಬೆಟಗೇರಿ ಟೇಲರಕ್ಕ:
ಬೋರ್ಡಿನ ಅಣ್ಣಾರು ಹೇಳಿದ್ದು ಬರೊಬ್ಬರಿ, ಖರೆ ಒಂದು ಲೆಕ್ಕ ಬಿಟ್ಟಾರ. ಬಟ್ಟಿಗೆ ದಪ್ಪ ಇಲ್ಲ, ಫೋಮಿಗೆ ಐತಿ. ಒಳಗಿನ ಸುತ್ತಳತಿ 55 ಬೇಕಂದ್ರ, 5 ಮಿ.ಮೀ. ಫೋಮ್ ಹಾಕಿದಾಗ ಹೊರಗಿನ ಸುತ್ತಳತಿ 58ರ ಮ್ಯಾಲ ಹೋಗತೈತಿ. 10 ಮಿ.ಮೀ. ಆದ್ರ 61 ದಾಟತೈತಿ. ಬಿಂದಗಿ ಮ್ಯಾಲಿಂದ ತಗದ ಪ್ಯಾಟರ್ನ್ ಒಳಮೈದು. ಅದನ್ನ ಹಂಗ ಕೊಯ್ದು ನೆಟ್ಟಗ ಅಂಚಿಗೆ ಅಂಚು ಕೂಡಸಿದ್ರ ಮುಖವಾಡ ಬಿಗಿ ಆಗತೈತಿ, ಆಮ್ಯಾಲ ಅಂಟು ಬಿಚ್ಚಿ ತುಂಡು ಸೇರಸ್ಕೋಂತ ಕುಂದರಬೇಕು.

ಹಂಗಾಗಿ ಎರಡು ಕೆಲಸ. ಒಂದು, ಹಿಂಭಾಗದ ನಡುಗೆರಿಗೆ ಹೆಚ್ಚಿನ ಜಾಗ ಬಿಟ್ಟು ಕೊಯ್ರಿ, ಜಾಸ್ತಿ ಆದ್ರ ಕಡೀಕ ತಗೀರಿ. ಇನ್ನೊಂದು, ದುಂಡಗ ಬರಬೇಕಾದಲ್ಲಿ ಕುಪ್ಪಸಕ್ಕ ಟಕ್ಸ್ ಹಿಡೀತೇವಲ್ಲ, ಹಂಗ ಬಾಣದ ತುದಿಯಂಥಾ ತುಂಡು ಕೊಯ್ದು ತಗದು ಅಂಚು ಕೂಡಸ್ರಿ. ಟಕ್ಸಿನ ತುದಿ ಚೂಪ ಮುಗದ್ರ ಅಲ್ಲಿ ಮೊಲಿ ಮೂಡಿದಂಗ ಗುಬಟಿ ಏಳತೈತಿ. ತುದೀನ ಸ್ವಲ್ಪ ಬಾಗಿಸಿ, ಇಳಿಜಾರಾಗಿ ಮುಗಸ್ರಿ.

ಚಪ್ಪಲಿ ಕೆಲಸದವ, ಲಕ್ಷ್ಮೇಶ್ವರ:
ಗ್ಲೂ ಗನ್ ತಗದು ಬಾಜೂಕ ಇಡ್ರಿ ಬಾಯಾರ. ಬಿಸಿ ಗ್ಲೂ ತೆಳು ಫೋಮ್ ಸುಟ್ಟು ಸುಕ್ಕು ಮಾಡತೈತಿ, ಅಂಚಿನಾಗ ದಪ್ಪಗ ನಿಲ್ಲತೈತಿ, ಮಡಚಿದ್ರ ಪಟ್ ಅಂತ ಬಿಡತೈತಿ. ಬಿಳಿ ಫೆವಿಕಾಲ್ ಫೋಮ್ ಜೋಡಸಾಕ ಬರೂದಿಲ್ಲ, ಅದು ಕಟ್ಟಿಗಿಗೆ. ಫೋಮಿಗೆ ಫೆವಿಕಾಲ್ ಎಸ್‌ಆರ್, ನಾವು ಅಟ್ಟಿ ಕೂಡಸೂ ಹಳದಿ ಅಂಟು.

ಹಚ್ಚೂ ರೀತಿ ಕೇಳ್ರಿ, ಇದರಾಗ ಎಲ್ಲಾ ಐತಿ. ಎರಡೂ ಅಂಚಿಗೆ ತೆಳ್ಳಗ ಹಚ್ಚಬೇಕು, ಒಂದಕ್ಕ ಅಲ್ಲ. ರಟ್ಟಿನ ತುಂಡಿನ್ಲೆ ಎಳದು ಹಚ್ರಿ, ಬ್ರಷ್ ಹಾಳು. ಹಚ್ಚಿ ಬಿಡ್ರಿ. ಮಿಂಚು ಹೋಗಿ ಮಂಕಾಗತೈತಿ. ಬೆರಳಿನ ಹಿಂಬದಿ ಮುಟ್ಟಿಸಿದ್ರ ಜಿಗಿ ಅನಸಬೇಕು, ಅಂಟು ಬೆರಳಿಗೆ ಬರಬಾರದು. ಹತ್ತು ನಿಮಿಷ ಅಂತಾರ, ನಮ್ಮ ಕಡೆ ಬಿಸಲಾಗ ಬ್ಯಾಗ ಆಗತೈತಿ, ಮಳಿಗಾಲದಾಗ ತಡ. ಗಡಿಯಾರ ನೋಡಬ್ಯಾಡ್ರಿ, ಬೆರಳು ನೋಡ್ರಿ. ಆಮ್ಯಾಲ ಗುರುತಿಗೆ ಗುರುತು ಕೂಡಸಿ ಒಂದು ತುದಿಯಿಂದ ಒತ್ತಿಕೋಂತ ಹೋಗ್ರಿ. ಒಮ್ಮೆ ಕೂತ್ರ ಜರಗಸಾಕ ಬರೂದಿಲ್ಲ. ಹಸಿ ಇದ್ದಾಗ ಒತ್ತಿದವರೆಲ್ಲಾ ಅಂಟು ಕೆಟ್ಟೈತಿ ಅಂತಾರ, ಅಂಟು ಕೆಟ್ಟಿರೂದಿಲ್ಲ.

ಅದರ ಹೊಗಿ ತಲಿಗೆ ಏರತೈತಿ, ಬೆಂಕಿ ಹತ್ತೂ ಮಾಲು ಅದು. ಕಟ್ಟಿ ಮ್ಯಾಲ, ಗಾಳಿಯೊಳಗ ಕುಂತು ಹಚ್ರಿ. ಹುಡುಗರನ್ನ ದೂರ ಇಡ್ರಿ, ಒಲಿ, ಊದಿನಕಡ್ಡಿ, ಹೀಟ್ ಗನ್ ಯಾವುದೂ ಹತ್ತಿರ ಬ್ಯಾಡ. ಫೆವಿಕ್ವಿಕ್ ಸಣ್ಣ ಜಾಗಕ್ಕ ನಡೀತೈತಿ, ಖರೆ ಕೂಡಿದ ಗೆರಿ ಕಲ್ಲಾಗತೈತಿ, ಚರ್ಮಕ್ಕ ತಾಗೂ ಕಡೆ ಹಾಕಬ್ಯಾಡ್ರಿ. ಥರ್ಮಾಕೋಲ್ ಮ್ಯಾಲ ಎಸ್‌ಆರ್ ಹಚ್ಚಿದ್ರ ಥರ್ಮಾಕೋಲ್ ತಿಂದು ಹಾಕತೈತಿ, ಅದೂ ಗೊತ್ತಿರ್ಲಿ.

ಸಪ್ತಾಪುರ ರೂಮಿನವ:
ಹೀಟ್ ಗನ್ ಯಾಕ ಬೇಕು, ನಮ್ಮ ರೂಮ್‌ಮೇಟ್ ಹತ್ರ ಹೇರ್ ಡ್ರೈಯರ್ ಅದ. ಅದರಾಗ ಆಗೂದಿಲ್ಲೇನು? ನಂಗೂ ಕಾಲೇಜು ಫೆಸ್ಟಿಗೆ ತ್ವಾಳದ ತಲಿ ಬೇಕಾಗ್ಯದ.

ಹುಬ್ಬಳ್ಳಿ ಬೋರ್ಡಿನವ:
ತಮ್ಮಾ, 2 ಮಿ.ಮೀ. ಫೋಮ್ ಡ್ರೈಯರಿಗೆ ಸ್ವಲ್ಪ ಮೆತ್ತಗಾಗತೈತಿ. 5 ಮಿ.ಮೀ. ಮ್ಯಾಲಿಂದಕ್ಕ ಬಿಸಿ ಒಳಗ ಹೋಗೂದಿಲ್ಲ. ಬಾಯಾರಿಗೂ ಸೇರಿ ಹೇಳತೀನಿ: ಹೀಟ್ ಗನ್ ಕೊಳ್ಳೂ ಕಾರಣ ಇಲ್ಲ, ಬೋರ್ಡ್ ಮಾಡೂ ಅಂಗಡಿ, ಎಲೆಕ್ಟ್ರಿಕಲ್ ರಿಪೇರಿ ಅಂಗಡಿಯೊಳಗ ಇರತಾವ, ಕೇಳಿದ್ರ ಒಂದ ದಿನಕ್ಕ ಕೊಡತಾರ.

ಅದೂ ಸಿಗಲಿಲ್ಲಂದ್ರ ಇಸ್ತ್ರಿ ಪೆಟ್ಟಿಗಿ. ತೆಳು ಫೋಮಿನ ಮ್ಯಾಲ ಬಟರ್ ಪೇಪರ್ ಹಾಸಿ, ಕಡಿಮಿ ಬಿಸಿಯೊಳಗ ಮ್ಯಾಲಿಂದ ಮ್ಯಾಲ ಆಡಸಿ, ಪೇಪರ್ ತಗದ ಕೂಡ್ಲೆ ಬೋಗಾಣಿ ತಳಕ್ಕ ಒತ್ತಿ ಹಿಡೀರಿ. ತಣ್ಣಗಾಗೂತನ ಕೈ ತಗೀಬ್ಯಾಡ್ರಿ. ಬಿಸಿ ಇದ್ದಾಗ ಬಾಗತೈತಿ, ತಂಪಾದಾಗ ಆ ಆಕಾರ ಹಿಡಕೊಂಡು ನಿಲ್ಲತೈತಿ.

ಹೀಟ್ ಗನ್ ಸಿಕ್ರ ಒಂದು ಮಜಾ ಕೆಲಸ ಐತಿ. ಕತ್ತೆಕಿರುಬನ ಮೂತಿ ಮ್ಯಾಲ ನಿರಿಗಿ ಬೇಕಲ್ಲ, ಅಲ್ಲಿ ಹೊಸಾ ಬ್ಲೇಡಿನ್ಲೆ ಫೋಮಿನ ಅರ್ಧ ದಪ್ಪಕ್ಕಿಂತ ಕಡಿಮಿ ಆಳಕ್ಕ ಗೆರಿ ಕೊಯ್ರಿ. ಕೊಯ್ದಾಗ ಏನೂ ಕಾಣಸೂದಿಲ್ಲ. ಗನ್ ದೂರ ಹಿಡದು ಆಡಸಿದ್ರ ಗೆರಿ ತಾನ ಬಾಯಿ ಬಿಡತೈತಿ, ಮೂತಿ ಸಿಟ್ಟಿಗೆದ್ದಂಗ ಕಾಣತೈತಿ. ಫೋಮಿನ ಮೈ ಮಂಕು ಹೋಗಿ ತುಸು ಮಿಂಚು ಬಂತಂದ್ರ ಸಾಕು, ಬಿಸಿ ನಿಲ್ಲಸ್ರಿ. ಅದಕ್ಕೂ ಮುಂದ ಹೋದ್ರ ಗುಳ್ಳಿ ಏಳತೈತಿ, ವಾಸನಿ ಬರತೈತಿ. ಬಾಗಿಸೂದು, ಗೆರಿ ಬಿಡಸೂದು ಎಲ್ಲಾ ಅಂಟಸೂಕಿಂತ ಮೊದಲ. ಅಂಟಿಸಿದ ಮ್ಯಾಲ ಬಿಸಿ ಕೊಟ್ರ ಎಸ್‌ಆರ್ ಸಡ್ಲಾಗತೈತಿ.

ಬ್ಲೇಡ್ ತುದಿ ಮುರಕೋಂತ ಇರ್ರಿ. ಫೋಮ್ ಮೆತ್ತಗ ಕಂಡ್ರೂ ಬ್ಲೇಡಿನ ಹರಿತ ಲಗೂನ ತಿಂತೈತಿ. ಮೊಂಡಾದ ಬ್ಲೇಡು ಕೊಯ್ಯೂದಿಲ್ಲ, ಹರೀತೈತಿ, ಅಂಚು ಹಲ್ಲು ಹಲ್ಲಾಗತೈತಿ. ಒಂದ ಎಳತಕ್ಕ ಎಳೀರಿ.

ರಾಣೇಬೆನ್ನೂರು ಕ್ಯಾಮೆರಾ:
ಚರ್ಚೆಯೆಲ್ಲ ಅಂಟು, ಬ್ಲೇಡಿನ ಮೇಲೆಯೇ ನಡೆದಿದೆ. ಪ್ರಾಣಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮೇಡಂ, ನೀವು ಮೊಬೈಲಿನಲ್ಲಿ ಹೈನಾ ಎಂದು ಹುಡುಕಿದರೆ ಮೊದಲು ಬರುವುದು ಆಫ್ರಿಕಾದ ಚುಕ್ಕೆ ಹೈನಾ. ದುಂಡು ಕಿವಿ, ಮೈತುಂಬ ಚುಕ್ಕೆ. ಅದು ನಮ್ಮಲ್ಲಿ ಇಲ್ಲ. ಕಪ್ಪತಗುಡ್ಡದಲ್ಲಿರುವುದು ಪಟ್ಟೆ ಕತ್ತೆಕಿರುಬ. ಅದರ ಕಿವಿ ದೊಡ್ಡದು, ನೆಟ್ಟಗೆ, ತುದಿ ಚೂಪು. ಮೂತಿ ಕಪ್ಪು, ಗಂಟಲಿನ ಮೇಲೆ ದೊಡ್ಡದೊಂದು ಕಪ್ಪು ಮಚ್ಚೆ, ಮೈಬಣ್ಣ ಒಣಹುಲ್ಲಿನ ಬೂದು. ಕತ್ತಿನ ಹಿಂದಿನಿಂದ ಬೆನ್ನುದ್ದಕ್ಕೂ ಜೂಲು. ಹೆದರಿದಾಗ ಅದನ್ನು ಎತ್ತಿ ನಿಲ್ಲಿಸಿ ಮೈಯನ್ನೇ ದೊಡ್ಡದಾಗಿ ತೋರಿಸುತ್ತದೆ. ನಿಮ್ಮ ನಾಟಕಕ್ಕೆ ಇದು ಒಳ್ಳೆಯ ಆಟ: ಜೂಲಿನ ಪಟ್ಟಿಗೆ ದಾರ ಕಟ್ಟಿ ಹುಡುಗ ಎಳೆದಾಗ ಎದ್ದು ನಿಲ್ಲುವಂತೆ ಮಾಡಿ.

ಚಿರತೆಗೆ ಮುಖದ ಮೇಲೆ ಹೂವಿನಂಥ ಗುರುತು ಬಿಡಿಸಬೇಡಿ. ಅವು ಮೈಮೇಲೆ ಇರುತ್ತವೆ. ಮುಖದ ಮೇಲಿರುವುದು ಸಣ್ಣ, ತುಂಬಿದ ಕಪ್ಪು ಚುಕ್ಕೆ. ಕಿವಿ ಗಿಡ್ಡ, ದುಂಡು. ತೋಳಕ್ಕೆ ಮೂತಿ ಉದ್ದ, ಸಪೂರ. ಈ ಮೂರಕ್ಕೂ ತಲೆಯ ಹಿಂಭಾಗದ ಪ್ಯಾಟರ್ನ್ ಒಂದೇ ಸಾಕು, ಮೂತಿ ಕಿವಿ ಬದಲಿಸಿದರಾಯಿತು.

ಕೃಷ್ಣಮೃಗದ ಮಾತೇ ಬೇರೆ. ಬೇಟೆಯಾಡುವ ಪ್ರಾಣಿಗೆ ಕಣ್ಣು ಮುಂದಕ್ಕೆ, ಹುಲ್ಲು ತಿನ್ನುವುದಕ್ಕೆ ತಲೆಯ ಎರಡು ಪಕ್ಕಕ್ಕೆ. ಹಾಗಾಗಿ ಚಿಗರಿಯ ಕಣ್ಣಿನ ಜಾಗದಲ್ಲಿ ತೂತು ಮಾಡಿದರೆ ಹುಡುಗನಿಗೆ ಎಡಬಲದ ಗೋಡೆ ಕಂಡೀತು, ಮುಂದಿನ ಸ್ಟೇಜ್ ಕಾಣದು. ಗಂಡಾದರೆ ಕಪ್ಪು ಮುಖ, ಕಣ್ಣಿನ ಸುತ್ತ ಬಿಳಿ ಬಳೆ, ಗದ್ದ ಬಿಳಿ. ಕೊಂಬು ತಿರುಚಿಕೊಂಡು ಹೊರಮುಖವಾಗಿ ಇಂಗ್ಲಿಷಿನ ವಿ ಆಕಾರದಲ್ಲಿ ಏಳುತ್ತದೆ, ಉದ್ದಕ್ಕೂ ಉಂಗುರ ಉಂಗುರ. ಹೆಣ್ಣಿಗೆ ಕೊಂಬಿಲ್ಲದಿರುವುದೇ ಸಾಮಾನ್ಯ, ಬಣ್ಣ ಕಂದು.

ಮುಂಡರಗಿ ಬಾಯಾರು:
ಅಯ್ಯ ಸರ್, ಚೊಲೋ ಆತು ಹೇಳಿದ್ರಿ. ನಾ ತಗದಿಟ್ಟ ಫೋಟೋ ಎಲ್ಲಾ ಚುಕ್ಕಿದೂವ ಅದಾವ. ಇನ್ನೊಂದು, ನಾಟಕದಾಗ ಕತ್ತೆಕಿರುಬ ಹೇಹೇಹೇ ಅಂತ ನಗೂ ಸೀನ್ ಐತಿ. ಅದನ್ನ ಏನ್ ಮಾಡ್ಲಿ?

ರಾಣೇಬೆನ್ನೂರು ಕ್ಯಾಮೆರಾ:
ಆ ನಗೆಯೂ ಆಫ್ರಿಕಾದ ಚುಕ್ಕೆ ಹೈನಾದ್ದೇ. ನಮ್ಮದು ಅದರ ಮುಂದೆ ಮೌನಿ. ನಾಟಕ ನಿಮ್ಮದು, ನಗಿಸುವುದಾದರೆ ನಗಿಸಿ. ನಾನಾಗಿದ್ದರೆ ಆ ಸೀನ್ ತೆಗೆದು ಜೂಲು ಎತ್ತಿಸುತ್ತಿದ್ದೆ.

ಹಾವೇರಿ ಸೋಗಿನವ:
ಬಾಯಾರ, ನಮ್ಮ ಮನಿಯೊಳಗ ದೊಡ್ಡಾಟದ ವೇಷದ ಕೆಲಸ ಇತ್ತು. ಒಂದು ಮಾತು ಕೇಳ್ರಿ. ಮಾರಿ ಯಾಕ ಮುಚ್ಚತೀರಿ? ದೊಡ್ಡಾಟದಾಗ ಬಣ್ಣ ಮಾರಿಗೆ, ಭಾರ ತಲಿಗೆ ಮತ್ತ ಭುಜಕ್ಕ. ಕಿರೀಟ, ಭುಜಕೀರ್ತಿ ಎಷ್ಟರ ದೊಡ್ಡವಿರಲಿ, ಬಾಯಿ ಕಣ್ಣು ಬಯಲು, ಯಾಕಂದ್ರ ಮಾತು ಕಡೀ ಸಾಲಿಗೆ ಮುಟ್ಟಬೇಕು. ನಿಮ್ಮ ಕತ್ತೆಕಿರುಬಗ ಮಾತು ಜಾಸ್ತಿ ಅಂತೀರಿ, ಮತ್ತ ಬಾಯಿಗೆ ಫೋಮ್ ಕಟ್ಟತೀರಿ.

ತಲಿ ಮ್ಯಾಲ ತಲಿ ಕೂಡಸ್ರಿ. ಪ್ರಾಣಿ ಮಾರಿ ಟೊಪಿಗಿಯಂಗ ಹುಡುಗನ ಹಣಿ ಮ್ಯಾಲ ಕುಂದರಬೇಕು, ಮೂತಿ ಮುಂದಕ್ಕ ಚಾಚಿರಬೇಕು, ಕೆಳದವಡಿ ಬ್ಯಾಡ. ಹುಡುಗನ ಮಾರಿಗೆ ಅದ ಬಣ್ಣ ಬಳೀರಿ. ಮಂದಿ ಕಣ್ಣಿಗೆ ಎರಡೂ ಕೂಡಿ ಒಂದ ಪ್ರಾಣಿ ಆಗತೈತಿ. ಹುಡುಗ ಬೀಳೂದಿಲ್ಲ, ಬೆವರೂದಿಲ್ಲ, ಅವರವ್ವಗ ತನ್ನ ಮಗ ಯಾವಂವ ಅಂತ ಗೊತ್ತಾಗತೈತಿ.

ಫೋಮ್ ಬ್ಯಾಡಂತ ಅಲ್ಲ. ಹಿಂದಕ ಪೇಪರ್ ನೆನಸಿ ಮೆಂತೇದ ಸಂಗಾಟ ಅರದು, ಬುಟ್ಟಿ ಮಾಡಿದಂಗ ಅಚ್ಚಿಗೆ ಮೆತ್ತತಿದ್ರು, ಹುಣಸೀಬೀಜದ ಅಂಟು ಹಾಕತಿದ್ರು. ಗಟ್ಟಿ ಖರೆ, ಒಣಗಾಕ ಒಂದು ವಾರ, ತೂಕಾನೂ ಜಾಸ್ತಿ. ಹುಳ ಹತ್ತಬಾರದಂತ ಅಂಟಿನಾಗ ಮೈಲುತುತ್ತಾ ಕೂಡಸೂ ರೂಢಿ ಇತ್ತು, ಅದು ವಿಷ. ಹುಡುಗರ ಮಾರಿಗೆ ತಾಗೂದಕ್ಕ ಯಾರೂ ಹಾಕಬ್ಯಾಡ್ರಿ.

ಹುಬ್ಬಳ್ಳಿ ಬೋರ್ಡಿನವ:
ಕಾಕಾರ, ನಿಮ್ಮ ಮಾತು ಒಪ್ಪಿದೆ, ಆದ್ರ ಪೂರ್ತಿ ಅಲ್ಲ. ತಲಿ ಮ್ಯಾಲ ಕೂಡಸಿದ್ದು ನಾಟಕಕ್ಕ ಚೊಲೋ, ಕುಣತಕ್ಕ ಜೋಲಿ ಹೊಡೀತೈತಿ. ತ್ವಾಳ, ಚಿರತಿ ಬರೇ ಓಡಾಡೂ ಪಾತ್ರ ಇದ್ರ ತಲಿ ಮುಚ್ಚೂದ ಬೆಸ್ಟ್, ಹುಡುಗರಿಗೂ ಅದರಾಗನ ಖುಷಿ.

ಪೂರ್ತಿ ಮುಚ್ಚಿದ್ರ ಹುಡುಗ ಪ್ರಾಣಿ ಕಣ್ಣಿನಿಂದ ನೋಡಬೇಕಂತ ನಿಯಮ ಇಲ್ಲ. ಮುಖವಾಡ ಒಂದು ಗೇಣು ಮ್ಯಾಲ ಕೂಡಸಿ, ಪ್ರಾಣಿ ಬಾಯಿ ತೆರದಿಡ್ರಿ, ಹುಡುಗನ ಕಣ್ಣು ಆ ಬಾಯಿಯಿಂದ ಹೊರಗ ನೋಡ್ಲಿ. ಬಾಯಿಗೆ ಕರೀ ಸೊಳ್ಳಿ ಪರದಿ ಬಟ್ಟಿ ಒಳಗಿಂದ ಅಂಟಿಸಿ, ಮುಖವಾಡದ ಒಳಮೈಗೆಲ್ಲಾ ಕರೀ ಬಣ್ಣ ಹೊಡೀರಿ. ಒಳಗ ಕತ್ತಲ, ಹೊರಗ ಸ್ಟೇಜ್ ಲೈಟು. ಹೊರಗಿನವರಿಗೆ ಕರೀ ಬಾಯಿ ಕಾಣತೈತಿ, ಒಳಗಿನವಂಗ ಎಲ್ಲಾ ಕಾಣತೈತಿ. ಬಿಳಿ ಪರದಿ ಹಾಕಿದ್ರ ಲೈಟು ಬಿದ್ದು ಒಳಗಿನವಂಗ ಬರೇ ಮಂಜು. ಗಾಳಿನೂ ಅಲ್ಲಿಂದನ ಆಡತೈತಿ. ಜೋಡಿಗೆ ಕಿವಿ ಹಿಂದ, ನೆತ್ತಿಗೆ ಜೂಲು ಮುಚ್ಚೂ ಕಡೆ ದೊಡ್ಡ ತೂತು ಬಿಡ್ರಿ, ಬಿಸಿ ಗಾಳಿ ಮ್ಯಾಲ ಹೋಗಾಕ.

ಪ್ರಾಣಿ ಕಣ್ಣಿಗೆ ಟೇಬಲ್ ಟೆನಿಸ್ ಚಂಡು. 40 ಮಿ.ಮೀ. ಇರತೈತಿ, ಅರ್ಧಕ್ಕ ಕೊಯ್ದು ಟೊಳ್ಳು ಬಾಜೂ ಹೊರಗ ಬರೂವಂಗ ಕೂಡಸಿ, ಆ ಟೊಳ್ಳಿನಾಗ ಪಾಪೆ ಬರೀರಿ. ಸುತ್ತ ಫೋಮಿನ ರೆಪ್ಪಿ ಅಂಟಿಸಿ ಅಂಚು ಮುಚ್ರಿ. ಪ್ರೇಕ್ಷಕರು ಎಲ್ಲಿ ಕುಂತ್ರೂ ತಮ್ಮನ್ನ ನೋಡಾಕತ್ತೈತಿ ಅನಸತೈತಿ. ಉಬ್ಬು ಬಾಜೂ ಹೊರಗ ಇಟ್ರ ಆ ಆಟ ಬರೂದಿಲ್ಲ.

ಸಪ್ತಾಪುರ ರೂಮಿನವ:
ಟೊಳ್ಳು ಕಣ್ಣಿನ ಟ್ರಿಕ್ ಮಾಡಿ ನೋಡಿದೆ. ರೂಮ್‌ಮೇಟ್ ರಾತ್ರಿ ಅದರ ಮ್ಯಾಲ ಟವೆಲ್ ಹಾಕಿ ಮಲಗ್ಯಾನ.

ಮುಂಡರಗಿ ಬಾಯಾರು:
ಹಂಗಾದ್ರ ಹಿಂಗ ಮಾಡತೀನಿ. ಕತ್ತೆಕಿರುಬ, ಚಿಗರಿ ಎರಡೂ ಹಾವೇರಿ ಕಾಕಾರು ಹೇಳಿದಂಗ ತಲಿ ಮ್ಯಾಲ. ತ್ವಾಳ, ಚಿರತಿ ಪೂರ್ತಿ ಮುಚ್ಚೂವು, ಕಣ್ಣು ಬಾಯಿಯಿಂದ. ಈಗ ಚಿಗರಿ ಕೊಂಬು ಹೆಂಗ ನಿಲ್ಲಸೂದು? ಬಣ್ಣ ಯಾವುದು? ಸಾಲಿಯೊಳಗ ಪೋಸ್ಟರ್ ಕಲರ್ ಅದಾವ. ಜೂಲಿಗೆ ಗೋಣಿಚೀಲದ ದಾರ ಬಿಡಸಿ ಹಾಕ್ಲೇನ್ರಿ?

ಗದಗ ಬಣ್ಣದಂಗಡಿ:
ಪೋಸ್ಟರ್ ಕಲರ್ ಬ್ಯಾಡ್ರಿ ಅಕ್ಕಾರ. ಒಣಗಿದ ಮ್ಯಾಲ ಫೋಮ್ ಬಾಗಿದ್ರ ಬಿರುಕು ಬಿಡತೈತಿ, ಬೆವರು ಹತ್ತಿದ್ರ ಹುಡುಗರ ಅಂಗಿ ಮ್ಯಾಲ ಇಳೀತೈತಿ. ಬಾಗಲಕ್ಕ ಹೊಡಿಯೂ ಆಯಿಲ್ ಪೇಂಟೂ ಬ್ಯಾಡ, ಅದು ಒಣಗಿ ಬಿರುಸಾಗತೈತಿ.

ಮೊದಲ ಫೋಮಿನ ಸಣ್ಣ ಸಣ್ಣ ರಂಧ್ರ ಮುಚ್ಚಬೇಕು, ಇಲ್ಲಾಂದ್ರ ಬಣ್ಣ ಕುಡೀತೈತಿ. ಇಲ್ಲಿ ಬಿಳಿ ಫೆವಿಕಾಲ್ ಕೆಲಸಕ್ಕ ಬರತೈತಿ: ನೀರು ಕೂಡಸಿ ತೆಳು ಮಾಡಿ ಮೂರ್ನಾಕು ಸಲ ಹೊಡೀರಿ, ಒಂದು ಒಣಗಿದ ಮ್ಯಾಲ ಇನ್ನೊಂದು. ಅದರ ಮ್ಯಾಲ ಅಕ್ರಿಲಿಕ್. ಬಟ್ಟಿಗೆ ಹಚ್ಚೂ ಫ್ಯಾಬ್ರಿಕ್ ಕಲರ್ ಬಾಟಲಿನೂ ಅಕ್ರಿಲಿಕ್ಕನ, ಬಾಗತೈತಿ. ನಾಕು ತಲಿ ಅಂದ್ರ ಆ ಸಣ್ಣ ಬಾಟಲಿ ಸಾಲೂದಿಲ್ಲ. ಯಾರದರ ಮನಿಗೆ ಬಣ್ಣ ಹೊಡದು ಉಳದ ಎಮಲ್ಷನ್ ಇದ್ರ ತಗೊಂಡು, ಕರಿದು, ಕಂದು ಸ್ಟೇನರ್ ಕೂಡಸ್ರಿ, ಕತ್ತೆಕಿರುಬನ ಬೂದು ಬಣ್ಣ ಬರತೈತಿ. ಡಿಸ್ಟೆಂಪರ್ ಆಗೂದಿಲ್ಲ, ಪುಡಿ ಉದರತೈತಿ.

ಪಟ್ಟಿ ಬರಿಯೂವಾಗ ಬ್ರಷ್ ಒಣಗಿಸಿ, ಬಣ್ಣ ಅರಬಿಗೆ ಒರಸಿ, ಉಳದಷ್ಟರಾಗ ಕೂದಲು ಇರೂ ದಿಕ್ಕಿಗೆ ಎಳೀರಿ. ಅಂಚು ಮಸಕಾಗಿ ಕೂದಲಿನಂಗನ ಕಾಣತೈತಿ. ಸ್ಕೇಲ್ ಇಟ್ಟು ಹೊಡದ ಪಟ್ಟಿ ರೋಡ್ ಹಂಪ್ ಆಗತೈತಿ.

ಬೆಟಗೇರಿ ಟೇಲರಕ್ಕ:
ಗೋಣಿದಾರ ಹಾಕ್ರಿ, ಚಂದ ಕಾಣತೈತಿ. ಆದ್ರ ಬ್ಯಾಡಗಿ ಮಾರ್ಕೆಟ್ಟಿನಿಂದ ಬಂದ ಮೆಣಸಿನಕಾಯಿ ಚೀಲ ಮಾತ್ರ ಬ್ಯಾಡ. ತೊಳದ್ರೂ ಖಾರ ಹೋಗೂದಿಲ್ಲ, ಕತ್ತೆಕಿರುಬ ಸ್ಟೇಜ್ ಮ್ಯಾಲ ಸೀನಕೋಂತ ನಿಂದರತೈತಿ. ಅಕ್ಕಿ ಚೀಲ ತಗೊಂಡು ಝಾಡಿಸಿ, ತೊಳದು ಒಣಗಿಸಿ ದಾರ ಬಿಡಸ್ರಿ. ದಾರ ನೇರ ಫೋಮಿಗೆ ಅಂಟಸಬ್ಯಾಡ್ರಿ. ಬಟ್ಟಿ ಪಟ್ಟಿ ಮ್ಯಾಲ ಮಷಿನಿನ್ಲೆ ಹೊಲದು, ಆ ಪಟ್ಟಿ ಅಂಟಸ್ರಿ. ಕ್ಯಾಮೆರಾ ಸರ್ ಹೇಳಿದ ದಾರ ಎಳಿಯೂ ಆಟಕ್ಕೂ ಪಟ್ಟಿ ಇದ್ರನ ಆಗೂದು.

ಒಳಗ ಅಸ್ತರ ಹಾಕೂದು ಮರೀಬ್ಯಾಡ್ರಿ. ಹಳೇ ಧೋತರ, ಹಳೇ ನೂಲಿನ ಸೀರಿ, ಮೆತ್ತಗಿದ್ದಷ್ಟು ಚೊಲೋ. ಫೋಮ್ ಬೆವರು ಕುಡಿಯೂದಿಲ್ಲ, ಮಾರಿ ಮ್ಯಾಲ ಜಾರತೈತಿ. ಅಸ್ತರ ಪೂರ್ತಿ ಅಂಟಸದ ನಾಕು ಕಡೆ ವೆಲ್ಕ್ರೋ ಹಾಕಿದ್ರ ತಗದು ತೊಳಿಯಾಕ ಬರತೈತಿ, ರಿಹರ್ಸಲಿಗೆ ಒಬ್ಬಂವ, ಗ್ಯಾದರಿಂಗಿಗೆ ಇನ್ನೊಬ್ಬಂವ ಹಾಕ್ಕೊಂಡ್ರೂ ಹೇಸಿಗಿ ಇಲ್ಲ. ಇಲಾಸ್ಟಿಕ್ ಒಂದ ಅಡ್ಡ ಹಾಕಿದ್ರ ಮುಖವಾಡ ಮ್ಯಾಲ ಕೆಳಗ ಆಡತೈತಿ. ಕಿವಿ ಮ್ಯಾಲಿಂದ ಹಿಂದಕ್ಕ ಒಂದು, ನೆತ್ತಿ ಮ್ಯಾಲಿಂದ ಇನ್ನೊಂದು, ಹಿಂದ ಎರಡನ್ನೂ ಕೂಡಿ ಹೊಲೀರಿ. ತಲಿ ಮ್ಯಾಲ ಕೂಡಸೂವಕ್ಕ ಗದ್ದದ ಕೆಳಗ ಪಟ್ಟಿ ಬೇಕ ಬೇಕು.

ಹುಬ್ಬಳ್ಳಿ ಬೋರ್ಡಿನವ:
ಕೊಂಬಿಗೆ: ಪೇಪರ್ ಬಿಗಿಯಾಗಿ ಸುರಳಿ ಮಾಡಿ ಒಂದು ತುದಿ ಸಪೂರ ಮಾಡ್ರಿ, ನಡುವ ಬಗ್ಗೂ ತಂತಿ ಒಂದ ಇರಲಿ, ತಂತಿ ತುದಿ ಮಡಚಿ ಟೇಪ್ ಸುತ್ರಿ. ತಿರುಚಿದಂಗ ಬಾಗಿಸಿ, 2 ಮಿ.ಮೀ. ಕರೀ ಫೋಮ್ ಸುತ್ತಿ ಎಸ್‌ಆರ್ ಹಾಕ್ರಿ. ಉಂಗುರಕ್ಕ ಅದ ಫೋಮಿನ ಸಪೂರ ಪಟ್ಟಿ ಸುತ್ತಿಕೋಂತ ಹೋಗ್ರಿ, ಬುಡದಾಗ ಒತ್ತೊತ್ತಾಗಿ, ತುದಿ ಕಡೆ ಬಿಡಿಬಿಡಿ, ಕಡೇ ತುದಿ ನುಣುಪು. ಖರೇ ಗಂಡು ಚಿಗರಿ ಕೊಂಬು ಅರ್ಧ ಮೀಟರ್ ಮ್ಯಾಲ ಹೋಗತಾವ, ನೀವು 30 ಸೆಂ.ಮೀ.ಗೆ ನಿಲ್ಲಸ್ರಿ. ತುದಿ ಭಾರ ಹಿಂದಕ್ಕ ಎಳದು ಟೊಪಿಗಿನ ಎಬ್ಬಸತೈತಿ. ಬುಡ ನೇರ ಫೋಮಿಗೆ ಅಂಟಸಿದ್ರ ಎರಡನೇ ರಿಹರ್ಸಲ್ಲಿಗೆ ಕಿತ್ತು ಬರತೈತಿ. ಒಳಗ ಹಳೇ ಕ್ರಿಕೆಟ್ ಟೊಪಿಗಿ ಇಟ್ಟು, ರಟ್ಟಿನ ಬಿಲ್ಲಿ ಮ್ಯಾಲ ಕೊಂಬಿನ ಬುಡ ಹೊಲದು, ಆ ಬಿಲ್ಲಿ ಟೊಪಿಗಿಗೆ ಹೊಲೀರಿ. ಮ್ಯಾಲಿಂದ ಫೋಮಿನ ಮಾರಿ.

ಇಲಾಸ್ಟಿಕ್, ವೆಲ್ಕ್ರೋ, ಕರೀ ಪರದಿ ಬಟ್ಟಿಗೆ ಹುಬ್ಬಳ್ಳಿಗೆ ಬರೂದಿದ್ರ ದುರ್ಗದಬೈಲ್ ಕಡೆ ಒಂದು ಸುತ್ತು ಹಾಕ್ರಿ. ಧಾರವಾಡದಿಂದ ಬರೂ ತಮ್ಮಾ, ನೀ ಹುಬ್ಬಳ್ಳಿ-ಧಾರವಾಡದ ಚಿಗರಿ ಅನ್ನೂ ಬಸ್ಸಿನಾಗ ತ್ವಾಳದ ತಲಿ ಹಾಕ್ಕೊಂಡು ಬರಬ್ಯಾಡ.

ಸಪ್ತಾಪುರ ರೂಮಿನವ:
ಬಂದ್ರ ಸೀಟ್ ಸಿಗ್ತದ ಅಣ್ಣಾ.

ಮುಂಡರಗಿ ಬಾಯಾರು:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಕತ್ತೆಕಿರುಬನ ತಲಿ ನಿಂತೈತಿ. ಮೂತಿ ನಿರಿಗಿ ಖರೇನ ಬಾಯಿ ಬಿಟ್ಟು ಎದ್ದುವು, ಹುಡುಗರು ಸುತ್ತ ಕುಂತು ನೋಡಿದ್ರು. ನಗೂ ಸೀನ್ ತಗದೀನಿ, ಆ ಪಾರ್ಟಿನ ಹುಡುಗ ಎರಡು ದಿನ ಸಿಟ್ಟಾಗಿದ್ದ, ಜೂಲಿನ ದಾರ ಕೈಗೆ ಕೊಟ್ಟ ಮ್ಯಾಲ ಸುಮ್ಮನಾದ. ಗ್ಯಾದರಿಂಗಿನ ನಂತರ ಇದ ನಾಟಕ ತಾಲೂಕಿಗೂ ಒಯ್ಯಬೇಕಂತ ಹೆಡ್ ಮಾಸ್ತರು ಅಂತಾರ. ಅಲ್ಲೀತನ ಇವನ್ನ ಎಲ್ಲಿ ಇಡಬೇಕು? ಸಾಲಿಯೊಳಗ ಇರೂದು ತಗಡಿನ ಖೋಲಿ.

ಚಪ್ಪಲಿ ಕೆಲಸದವ, ಲಕ್ಷ್ಮೇಶ್ವರ:
ತಗಡಿನ ಖೋಲಿ ಬ್ಯಾಡ. ಬಿಸಲು ಏರಿದಂಗ ಫೋಮ್ ಮೆತ್ತಗಾಗಿ ತನ್ನ ಭಾರಕ್ಕ ತಾನ ಕುಸೀತೈತಿ, ಎಸ್‌ಆರ್ ಗೆರಿನೂ ಬಿಡತೈತಿ. ಆರ್‌ಸಿಸಿ ಖೋಲಿಯೊಳಗ, ಕಪಾಟಿನ ಮ್ಯಾಲ ಇಡ್ರಿ. ಒಳಗ ಪೇಪರ್ ತುಂಬಿ ನಿಲ್ಲಸ್ರಿ, ಒಂದರ ಮ್ಯಾಲ ಒಂದು ಹೇರಬ್ಯಾಡ್ರಿ. ಟೆಂಪೋದಾಗ ಒಯ್ಯೂವಾಗ ಗಾಜಿನ ಹಿಂದ ಬಿಸಲಿಗೆ ಬಿಟ್ಟು ಚಾ ಕುಡಿಯಾಕ ಹೋಗಬ್ಯಾಡ್ರಿ. ಗೆರಿ ಎಲ್ಲೆರ ಬಿಟ್ರ ಹಳೇ ಅಂಟು ಉಜ್ಜಿ ತಗದು, ಎರಡೂ ಕಡೆ ಹೊಸದಾಗಿ ಹಚ್ಚಿ ಕೂಡಸ್ರಿ, ಹಳೇದರ ಮ್ಯಾಲ ಹಚ್ಚಿದ್ರ ಹಿಡಿಯೂದಿಲ್ಲ. ತಾಲೂಕಿಗೆ ಹೋಗೂವಾಗ ಎಸ್‌ಆರ್ ಸಣ್ಣ ಟ್ಯೂಬು, ಒಂದು ಬ್ಲೇಡು, ಒಂದು ಮೊಳ ಇಲಾಸ್ಟಿಕ್ ಚೀಲದಾಗ ಇರಲಿ.